ಹಿಮಾಲಯದ ನೆರೆನಾಡುಗಳ ವಿದ್ಯುದ್ವ್ಯಾಪಾರ: ನೀರಿನ ಒಪ್ಪಂದ ಮತ್ತು ಬೆಳಕಿನ ಒಪ್ಪಂದ

1

ಹಿಮಾಲಯದ ತಪ್ಪಲಿನ ನಾಡುಗಳಿಗೂ ಗಂಗೆಯ ಬಯಲಿಗೂ ನಡುವೆ ನಡೆದುಬಂದ ವ್ಯಾಪಾರವು ಬಹು ಪುರಾತನವಾದುದು. ಉಪ್ಪು, ಉಣ್ಣೆ, ಕಸ್ತೂರಿಗಳು ಕಣಿವೆಯ ದಾರಿಗಳಲ್ಲಿ ಇಳಿದುಬಂದವು. ಧಾನ್ಯ, ಬಟ್ಟೆ, ಲೋಹದ ಪಾತ್ರೆಗಳು ಅದೇ ದಾರಿಗಳಲ್ಲಿ ಏರಿಹೋದವು. ಈ ವ್ಯಾಪಾರದ ಇತಿಹಾಸವನ್ನು ಬರೆದ ವಿದ್ವಾಂಸರಿಗೆ ಸುಂಕದ ಲೆಕ್ಕಗಳೂ ಪ್ರವಾಸಿಗಳ ಬರವಣಿಗೆಗಳೂ ಆಧಾರವಾಗಿ ಒದಗಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸರಕುಗಳ ಪಟ್ಟಿಗೆ ಹೊಸದೊಂದು ಸೇರಿತು. ಅದು ವಿದ್ಯುಚ್ಛಕ್ತಿ. ಇದರ ಇತಿಹಾಸವು ಇಂಜಿನಿಯರುಗಳ ವರದಿಗಳಲ್ಲಿಯೂ ರಾಜತಂತ್ರಜ್ಞರ ಭಾಷಣಗಳಲ್ಲಿಯೂ ಚೆದುರಿಹೋಗಿದ್ದು, ಇತಿಹಾಸಕಾರರ ಗಮನವನ್ನು ಸಾಕಷ್ಟು ಸೆಳೆದಿಲ್ಲವೆಂದು ನಮ್ಮ ಭಾವನೆ.

ಈ ಸರಕಿನ ಸ್ವಭಾವವು ಬೇರೆಲ್ಲ ಸರಕುಗಳ ಸ್ವಭಾವಕ್ಕಿಂತ ಭಿನ್ನವಾದುದೆಂಬುದನ್ನು ಮೊದಲಲ್ಲಿಯೇ ಹೇಳಬೇಕು. ಬತ್ತವನ್ನು ಕಣಜದಲ್ಲಿ ತುಂಬಿಟ್ಟು ಬೆಲೆ ಏರುವವರೆಗೆ ಕಾಯಬಹುದು. ಒಂದು ಸಂತೆಯಲ್ಲಿ ಮಾರಾಟವಾಗದಿದ್ದರೆ ಇನ್ನೊಂದು ಸಂತೆಗೆ ಕೊಂಡೊಯ್ಯಬಹುದು. ಹರಿಯುವ ಹೊಳೆಯಿಂದ ಉತ್ಪನ್ನವಾದ ವಿದ್ಯುತ್ತಿಗೆ ಈ ಎರಡು ಅನುಕೂಲಗಳೂ ಇಲ್ಲ. ಅದು ಹುಟ್ಟಿದ ಕ್ಷಣದಲ್ಲಿಯೇ ಬಳಕೆಯಾಗಬೇಕು. ತಂತಿ ಎಲ್ಲಿಗೆ ಹೋಗಿದೆಯೋ ಅಲ್ಲಿಗೆ ಮಾತ್ರ ಅದು ಹೋಗಬಲ್ಲುದು. ಆದುದರಿಂದ ವಿದ್ಯುತ್ತನ್ನು ಮಾರುವ ನಾಡು ಮತ್ತು ಕೊಳ್ಳುವ ನಾಡುಗಳು ಮೂವತ್ತು ನಲವತ್ತು ವರ್ಷಗಳ ಕಾಲ ಒಂದನ್ನೊಂದು ಬಿಡಲಾರದಂತೆ ಕಟ್ಟಿಕೊಳ್ಳುತ್ತವೆ. ಇಂಥ ವ್ಯಾಪಾರದಲ್ಲಿ ಯಂತ್ರಕ್ಕಿಂತ ಮೊದಲು ಬೇಕಾದುದು ಕರಾರು. ಕರಾರನ್ನು ಪರಿಶೀಲಿಸುವುದು ಇತಿಹಾಸಕಾರನ ಕೆಲಸವೇ ಆಗಿದೆ.

ಪ್ರಕೃತ ಲೇಖನದಲ್ಲಿ ನಾವು ವಿಚಾರಮಾಡಬೇಕೆಂದಿರುವ ಪ್ರಶ್ನೆ ಒಂದೇ. ನೇಪಾಳ ಮತ್ತು ಭೂತಾನಗಳೆರಡೂ ಹಿಮಾಲಯದ ನಾಡುಗಳು. ಎರಡರ ಹೊಳೆಗಳೂ ಕಡಿದಾದ ಕಣಿವೆಗಳಲ್ಲಿ ಧುಮುಕಿ ಭಾರತದ ಬಯಲನ್ನು ಸೇರುತ್ತವೆ. ಎರಡಕ್ಕೂ ಹತ್ತಿರದ ದೊಡ್ಡ ಗಿರಾಕಿ ಭಾರತವೊಂದೇ. ಹೀಗಿದ್ದರೂ ಭೂತಾನವು 1980ರ ದಶಕದಿಂದಲೇ ವಿದ್ಯುತ್ತನ್ನು ಮಾರಿ ತನ್ನ ಬೊಕ್ಕಸವನ್ನು ತುಂಬಿಕೊಂಡಿತು. ಭೂತಾನಕ್ಕಿಂತ ಅರ್ಧ ಶತಮಾನಕ್ಕೂ ಮೊದಲೇ ಜಲವಿದ್ಯುತ್ತನ್ನು ಕಂಡ ನೇಪಾಳವಾದರೋ 2021ರವರೆಗೆ ಭಾರತದ ವಿದ್ಯುತ್ ಮಾರುಕಟ್ಟೆಯಲ್ಲಿ ಮಾರಾಟಗಾರನಾಗಿ ನಿಲ್ಲಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು?

2

ಭಾರತದಲ್ಲಿ ಜಲವಿದ್ಯುತ್ತಿನ ಆರಂಭವು ಹಿಮಾಲಯದ ಮಗ್ಗುಲಲ್ಲಿಯೇ ಆಯಿತು. 1897ರಲ್ಲಿ ಡಾರ್ಜಿಲಿಂಗಿನ ಬಳಿಯ ಸಿದ್ರಾಪೋಂಗಿನಲ್ಲಿ ಒಂದು ಚಿಕ್ಕ ಉತ್ಪಾದನಾಕೇಂದ್ರವು ಸ್ಥಾಪಿತವಾಯಿತು. ಐದು ವರ್ಷಗಳ ಅನಂತರ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿಗಳ ತಂತಿಮಾರ್ಗದಲ್ಲಿ ಶಕ್ತಿಯು ಹರಿಯಿತು. ಈ ಎರಡನೆಯ ಉದಾಹರಣೆಯನ್ನು ನಾವು ಇಲ್ಲಿ ಎತ್ತಿಕೊಂಡಿರುವುದು ನಾಡಿನ ಅಭಿಮಾನದಿಂದಲ್ಲ. ಕಾವೇರಿಯ ಜಲಪಾತದಲ್ಲಿ ಯಂತ್ರಗಳನ್ನು ಇಳಿಸುವುದಕ್ಕೆ ಮೊದಲೇ ಮೈಸೂರು ಸರ್ಕಾರವು ಗಣಿ ಕಂಪನಿಗಳೊಡನೆ ಕರಾರು ಮಾಡಿಕೊಂಡಿತ್ತು. ಎಷ್ಟು ಶಕ್ತಿ, ಯಾವ ದರ, ಎಷ್ಟು ಕಾಲ ಎಂಬುದು ನಿಶ್ಚಯವಾದ ಮೇಲೆಯೇ ಸರ್ಕಾರದ ಹಣವು ವಿನಿಯೋಗವಾಯಿತು. ಗಿರಾಕಿಯು ಮೊದಲು, ಕೇಂದ್ರವು ಬಳಿಕ ಎಂಬ ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ನೇಪಾಳದಲ್ಲಿ 1911ರಲ್ಲಿ, ಪ್ರಧಾನಿ ಚಂದ್ರ ಶಂಶೇರರ ಕಾಲದಲ್ಲಿ, ಕಾಠ್ಮಂಡುವಿನ ದಕ್ಷಿಣಕ್ಕಿರುವ ಫರ್ಪಿಂಗಿನಲ್ಲಿ 500 ಕಿಲೋವ್ಯಾಟಿನ ಕೇಂದ್ರವು ಆರಂಭವಾಯಿತು. ಏಷ್ಯಾ ಖಂಡದ ಮೊದಲ ಜಲವಿದ್ಯುತ್ ಕೇಂದ್ರಗಳ ಸಾಲಿನಲ್ಲಿ ಅದನ್ನು ಎಣಿಸಬೇಕು. ಆದರೆ ಅದರ ಬೆಳಕು ಮುಖ್ಯವಾಗಿ ರಾಣಾ ಮನೆತನದ ಅರಮನೆಗಳಿಗೆ ಮೀಸಲಾಗಿತ್ತು. ಕೊಳ್ಳುವ ಕೈಗಾರಿಕೆಯಿರಲಿಲ್ಲ, ಮಾರುವ ಉದ್ದೇಶವೂ ಇರಲಿಲ್ಲ. 1951ರಲ್ಲಿ ರಾಣಾ ಆಡಳಿತವು ಕೊನೆಗೊಂಡಾಗ ನೇಪಾಳದ ಅಗಾಧವಾದ ಜಲಸಂಪತ್ತು ಬಹುಮಟ್ಟಿಗೆ ಹಾಗೆಯೇ ಹರಿದುಹೋಗುತ್ತಿತ್ತು. ಅದೇ ಸಮಯದಲ್ಲಿ ಭೂತಾನದಲ್ಲಿ ಮೋಟಾರು ರಸ್ತೆಯೇ ಇರಲಿಲ್ಲ. 1958ರಲ್ಲಿ ಜವಾಹರಲಾಲ ನೆಹರೂ ಅವರು ಪಾರೋ ಕಣಿವೆಯನ್ನು ತಲುಪಬೇಕಾದರೆ ನಾಥೂ ಲಾ ಕಣಿವೆಯನ್ನು ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯ ಮೂಲಕ ಹಲವು ದಿನಗಳ ಪ್ರಯಾಣ ಮಾಡಬೇಕಾಯಿತು. ಈ ಎರಡು ನಾಡುಗಳಲ್ಲಿ ಮುಂದೆ ವಿದ್ಯುದ್ವ್ಯಾಪಾರದಲ್ಲಿ ಮುಂದಾಗುವುದು ಯಾವುದೆಂದು ಆಗ ಯಾರನ್ನು ಕೇಳಿದ್ದರೂ ನೇಪಾಳವೆಂದೇ ಹೇಳುತ್ತಿದ್ದರು.

3

ನೇಪಾಳ ಮತ್ತು ಭಾರತಗಳ ನಡುವಣ ಮೊದಲ ಒಪ್ಪಂದಗಳು ವಿದ್ಯುತ್ತನ್ನು ಕುರಿತವಲ್ಲ; ಅವು ನೀರನ್ನು ಕುರಿತವು. ಬಿಹಾರದ ಶೋಕವೆಂದು ಹೆಸರಾದ ಕೋಸಿ ನದಿಯ ಪ್ರವಾಹವನ್ನು ತಡೆಯುವುದಕ್ಕಾಗಿ 1954ರ ಏಪ್ರಿಲ್ 25ರಂದು ಒಂದು ಒಪ್ಪಂದವಾಯಿತು. ಗಂಡಕ ನದಿಯನ್ನು ಕುರಿತು 1959ರ ಡಿಸೆಂಬರ್ 4ರಂದು ಇನ್ನೊಂದಾಯಿತು. ಕೋಸಿಯ ಬ್ಯಾರೇಜು ನೇಪಾಳದ ನೆಲದಲ್ಲಿ ಎದ್ದಿತು. ಅದರ ಕಾಲುವೆಗಳಿಂದ ನೆನೆದ ಹೊಲಗಳಲ್ಲಿ ಬಹುಪಾಲು ಬಿಹಾರದವಾಗಿದ್ದವು. ಒಪ್ಪಂದದಲ್ಲಿ ವಿದ್ಯುತ್ತಿನ ಮಾತೂ ಇತ್ತು. ಬ್ಯಾರೇಜಿನ ಕೇಂದ್ರದಲ್ಲಿ ಉತ್ಪನ್ನವಾಗುವ ಶಕ್ತಿಯ ಅರ್ಧದವರೆಗೆ, ಗೊತ್ತುಪಡಿಸಿದ ದರವನ್ನು ಕೊಟ್ಟು ಪಡೆಯುವ ಹಕ್ಕು ನೇಪಾಳಕ್ಕೆ ದೊರೆಯಿತು. ಗಂಡಕ ಯೋಜನೆಯಡಿಯಲ್ಲಿ ಭಾರತವು ನೇಪಾಳದ ನೆಲದಲ್ಲಿ 15 ಮೆಗಾವ್ಯಾಟಿನ ಕೇಂದ್ರವೊಂದನ್ನು ಕಟ್ಟಿಕೊಟ್ಟಿತು. ಆದರೆ ಈ ದಸ್ತಾವೇಜುಗಳನ್ನು ಓದಿದಾಗ ವಿದ್ಯುತ್ತು ಅವುಗಳಲ್ಲಿ ಅನುಬಂಧದಂತೆ ಬರುತ್ತದೆಯೇ ಹೊರತು ಮುಖ್ಯ ವಿಷಯವಾಗಿ ಅಲ್ಲವೆಂಬುದು ವಿದಿತವಾಗುತ್ತದೆ. ಮುಖ್ಯ ವಿಷಯಗಳು ಪ್ರವಾಹ, ನೀರಾವರಿ ಮತ್ತು ನೆಲದ ಸ್ವಾಧೀನ.

ಈ ಮೂರೂ ಜನರ ಮನಸ್ಸನ್ನು ಬೇಗ ನೋಯಿಸುವ ವಿಷಯಗಳಾಗಿವೆ. ತನ್ನ ನೆಲವು ಮುಳುಗಿ ಪರರ ಹೊಲವು ಹಸಿರಾಯಿತೆಂಬ ದೂರು ನೇಪಾಳದಲ್ಲಿ ಅಂದಿನಿಂದಲೇ ಎದ್ದಿತು. ಅದರ ಫಲವಾಗಿ ಗಂಡಕ ಒಪ್ಪಂದವು 1964ರಲ್ಲಿಯೂ ಕೋಸಿ ಒಪ್ಪಂದವು 1966ರಲ್ಲಿಯೂ ತಿದ್ದುಪಡಿಗೊಂಡವು. ತಿದ್ದಿದ ಕೋಸಿ ಒಪ್ಪಂದದಲ್ಲಿ ನೆಲವನ್ನು 199 ವರ್ಷಗಳ ಗುತ್ತಿಗೆಗೆ ಕೊಟ್ಟಿರುವುದಾಗಿ ನಮೂದಾಯಿತು. ದೂರು ಮಾತ್ರ ಶಮನವಾಗಲಿಲ್ಲ. ಭಾರತದಲ್ಲಿ ಈ ದೂರನ್ನು ಕೃತಘ್ನತೆಯೆಂದು ತಿಳಿದವರುಂಟು. ನೇಪಾಳದಲ್ಲಿ ಈ ಒಪ್ಪಂದಗಳನ್ನು ಕೇವಲ ವಂಚನೆಯೆಂದು ಸಾರಿದವರುಂಟು. ಎರಡು ಅಭಿಪ್ರಾಯಗಳೂ ಅತಿರೇಕದವು. ಪ್ರವಾಹದಿಂದ ಬಳಲಿದ ಬಿಹಾರದ ಅಗತ್ಯವು ನಿಜವಾದುದು. ಲಾಭವು ಸಮನಾಗಿ ಹಂಚಿಕೆಯಾಗಲಿಲ್ಲವೆಂಬ ನೇಪಾಳದ ಆಕ್ಷೇಪವೂ ನಿಜವಾದುದು.

ಈ ಅನುಭವದ ಛಾಯೆಯು ನೇಪಾಳದ ರಾಜ್ಯಾಂಗದ ಮೇಲೆಯೇ ಬಿದ್ದಿತು. 1990ರ ರಾಜ್ಯಾಂಗದ 126ನೆಯ ವಿಧಿಯು ನೈಸರ್ಗಿಕ ಸಂಪತ್ತಿನ ಹಂಚಿಕೆಯನ್ನು ಕುರಿತ ಸಂಧಿಗಳಿಗೆ ಸಂಸತ್ತಿನ ಅನುಮೋದನೆ ಬೇಕೆಂದೂ, ದೇಶದ ಮೇಲೆ ವ್ಯಾಪಕವೂ ಗಂಭೀರವೂ ದೀರ್ಘಕಾಲಿಕವೂ ಆದ ಪರಿಣಾಮವನ್ನು ಬೀರುವ ಸಂಧಿಗಳಿಗೆ ಮೂರರಲ್ಲಿ ಎರಡು ಪಾಲಿನ ಬಹುಮತ ಬೇಕೆಂದೂ ವಿಧಿಸಿತು. 1991ರ ಕೊನೆಯಲ್ಲಿ ಟನಕ್‌ಪುರ ಬ್ಯಾರೇಜನ್ನು ಕುರಿತು ಎರಡು ಸರ್ಕಾರಗಳೂ ಮಾಡಿಕೊಂಡ ತಿಳಿವಳಿಕೆಯು ನೇಪಾಳದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಅದು ಸಂಧಿಯೇ ಆಗಿದ್ದು ಸಂಸತ್ತಿನ ಅನುಮೋದನೆ ಅಗತ್ಯವೆಂದು 1992ರಲ್ಲಿ ತೀರ್ಪಾಯಿತು. ಕಡೆಗೆ 1996ರ ಫೆಬ್ರವರಿ 12ರಂದು ಮಹಾಕಾಳಿ ಸಂಧಿಗೆ ಸಹಿಯಾಗಿ, ಟನಕ್‌ಪುರದಿಂದ ವರ್ಷಕ್ಕೆ 7 ಕೋಟಿ ಯೂನಿಟ್ ವಿದ್ಯುತ್ತು ನೇಪಾಳಕ್ಕೆ ಉಚಿತವಾಗಿ ಸಲ್ಲಬೇಕೆಂದು ನಿಶ್ಚಯವಾಯಿತು. ಅದೇ ಸಂಧಿಯಲ್ಲಿ ಸೇರಿದ್ದ ಪಂಚೇಶ್ವರದ ಮಹಾಯೋಜನೆಯ ವಿವರವಾದ ವರದಿಯನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದಿತ್ತು. ಆ ಯೋಜನೆಯ ಮೇಲ್ವಿಚಾರಣೆಗೆಂದು ಪ್ರಾಧಿಕಾರವೊಂದು ರಚಿತವಾದುದೇ 2014ರಲ್ಲಿ. ಅಣೆಕಟ್ಟು ಇನ್ನೂ ಎದ್ದಿಲ್ಲ. ಆ 1996ರಲ್ಲಿಯೇ ವಿದ್ಯುದ್ವ್ಯಾಪಾರಕ್ಕೆಂದು ಪ್ರತ್ಯೇಕವಾದ ಒಪ್ಪಂದವೊಂದೂ ಸಹಿಯಾಗಿತ್ತು. ಮಹಾಕಾಳಿಯ ವಾಗ್ವಾದವು ದೇಶವನ್ನೆಲ್ಲ ಆವರಿಸಿದ್ದ ಆ ಕಾಲದಲ್ಲಿ ಅದಕ್ಕೆ ನೇಪಾಳದ ಸಂಸತ್ತಿನ ಅನುಮೋದನೆಯೇ ದೊರೆಯಲಿಲ್ಲ.

4

ಇನ್ನು ಭೂತಾನದ ಕಡೆಗೆ ತಿರುಗೋಣ. 1961ರಲ್ಲಿ ಭೂತಾನದ ಮೊದಲ ಪಂಚವಾರ್ಷಿಕ ಯೋಜನೆಯು ಆರಂಭವಾಯಿತು. ಅದೇ ವರ್ಷ ಗಡಿಯ ಈಚೆಗೆ, ಪಶ್ಚಿಮ ಬಂಗಾಳದಲ್ಲಿ ಕಟ್ಟಬೇಕಾಗಿದ್ದ ಜಲಢಾಕಾ ಯೋಜನೆಯನ್ನು ಕುರಿತು ಎರಡು ಸರ್ಕಾರಗಳಿಗೂ ಒಪ್ಪಂದವಾಯಿತು. ಅದರಿಂದ ದಕ್ಷಿಣ ಭೂತಾನದ ಕೆಲವು ಊರುಗಳಿಗೆ ವಿದ್ಯುತ್ತು ಬಂದಿತು. ಹೀಗೆ ಈ ವ್ಯಾಪಾರದ ಮೊದಲ ಹೆಜ್ಜೆಯಲ್ಲಿ ಭೂತಾನವು ಪಡೆಯುವ ನಾಡಾಗಿತ್ತು. 1967ರಲ್ಲಿ ತಿಂಫುವಿನಲ್ಲಿ ಸ್ಥಾಪಿತವಾದ ಅದರ ಮೊದಲ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯವು 360 ಕಿಲೋವ್ಯಾಟ್ ಮಾತ್ರ. ಅಂದರೆ 56 ವರ್ಷಗಳ ಹಿಂದಿನ ಫರ್ಪಿಂಗಿಗಿಂತಲೂ ಕಡಿಮೆ.

1974ರಲ್ಲಿ ಚುಖಾ ಯೋಜನೆಯ ಒಪ್ಪಂದವಾಯಿತು. ವಾಂಗ್‌ಛು ನದಿಯ ಮೇಲೆ 336 ಮೆಗಾವ್ಯಾಟಿನ ಕೇಂದ್ರವನ್ನು ಭಾರತವು ಕಟ್ಟಿಕೊಡಬೇಕು. ವೆಚ್ಚದಲ್ಲಿ ನೂರಕ್ಕೆ 60 ಪಾಲು ಅನುದಾನ, 40 ಪಾಲು ನೂರಕ್ಕೆ 5ರ ಬಡ್ಡಿಯ ಸಾಲ. ಭೂತಾನದ ಬಳಕೆಗೆ ಮಿಕ್ಕ ವಿದ್ಯುತ್ತನ್ನೆಲ್ಲ ಭಾರತವು ಕೊಳ್ಳಬೇಕು. ಇಷ್ಟು ಅದರ ಸಾರ. ಅದೇ 1974ರಲ್ಲಿ ಭೂತಾನವು ತನ್ನ ನಾಣ್ಯವಾದ ಙುಲ್ಟ್ರಮ್ಮನ್ನು ಭಾರತದ ರೂಪಾಯಿಗೆ ಸಮನಾದ ಬೆಲೆಯಲ್ಲಿ ಚಲಾವಣೆಗೆ ತಂದಿತು. ಸಾಲವೂ ರೂಪಾಯಿಯಲ್ಲಿ, ಮಾರಾಟವೂ ರೂಪಾಯಿಯಲ್ಲಿ ಆದುದರಿಂದ ನಾಣ್ಯದ ಏರಿಳಿತದ ಭಯವು ಈ ವ್ಯವಹಾರದಲ್ಲಿ ಇಲ್ಲವಾಯಿತು. 1986ರಿಂದ 1988ರ ಒಳಗೆ ಚುಖಾದ ನಾಲ್ಕು ಯಂತ್ರಗಳೂ ಕೆಲಸಕ್ಕೆ ತೊಡಗಿದವು. ಯೂನಿಟ್ಟಿಗೆ 19 ಪೈಸೆಯಿಂದ ಆರಂಭವಾದ ಮಾರಾಟದ ದರವು ಹಲವು ಸಲ ಪರಿಷ್ಕೃತವಾಗಿ, ಈ ಶತಮಾನದ ಮೊದಲ ದಶಕದಲ್ಲಿ 2 ರೂಪಾಯಿಗೆ ಏರಿತು. ಶಿವನಸಮುದ್ರದಲ್ಲಿ ನಾವು ಕಂಡ ಕ್ರಮವೇ ಇಲ್ಲಿಯೂ ನಡೆಯಿತು: ಗಿರಾಕಿಯು ಮೊದಲು, ಕೇಂದ್ರವು ಬಳಿಕ.

1996ರಲ್ಲಿ ಒಪ್ಪಂದವಾದ 1,020 ಮೆಗಾವ್ಯಾಟಿನ ತಾಲಾ ಯೋಜನೆಯು 2006 ಮತ್ತು 2007ರಲ್ಲಿ ಕಾರ್ಯಾರಂಭ ಮಾಡಿತು. ಅದರ ಶಕ್ತಿಯನ್ನು ಸಾಗಿಸುವುದಕ್ಕಾಗಿ ಸಿಲಿಗುಡಿಯಿಂದ ಬಿಹಾರ, ಉತ್ತರ ಪ್ರದೇಶಗಳ ಮೂಲಕ ದೆಹಲಿಯ ಹತ್ತಿರದವರೆಗೆ ಸುಮಾರು 1,200 ಕಿಲೋಮೀಟರುಗಳ ತಂತಿಮಾರ್ಗವನ್ನು ಎಳೆಯಲಾಯಿತು. ಎಂಟು ಲಕ್ಷಕ್ಕೂ ಕಡಿಮೆ ಜನರಿರುವ ನಾಡೊಂದು ಹೀಗೆ ಭಾರತದ ರಾಜಧಾನಿಯ ಕಡೆಗೆ ಬೆಳಕನ್ನು ಕಳುಹಿಸುವಂತಾಯಿತು. ಊರೂರಿಗೆ ಶಾಲೆ, ಆಸ್ಪತ್ರೆಗಳನ್ನು ಕಟ್ಟಲು ಭೂತಾನಕ್ಕೆ ಒದಗಿದ ಸ್ವಂತ ವರಮಾನದಲ್ಲಿ ವಿದ್ಯುತ್ತಿನ ಪಾಲು ಹಿರಿದಾಯಿತು.

5

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ವ್ಯತ್ಯಾಸಕ್ಕೆ ಕಾರಣಗಳೆಂದು ಸಾಮಾನ್ಯವಾಗಿ ಹೇಳುವುವು ಎರಡು. ಭಾರತವು ಭೂತಾನಕ್ಕೆ ಧನಸಹಾಯ ಮಾಡಿತು, ನೇಪಾಳಕ್ಕೆ ಮಾಡಲಿಲ್ಲ ಎಂಬುದು ಒಂದು. ಇದು ಸಲ್ಲದು. ನೇಪಾಳದ ತ್ರಿಶೂಲಿ, ದೇವಿಘಾಟ್ ಮೊದಲಾದ ಕೇಂದ್ರಗಳು ಭಾರತದ ನೆರವಿನಿಂದಲೇ ನಿರ್ಮಿತವಾದವು. ಅವುಗಳ ಶಕ್ತಿಯು ನೇಪಾಳದ ಒಳಗಿನ ಬಳಕೆಗೇ ಮೀಸಲಾಗಿತ್ತು. ಭೂತಾನದಲ್ಲಿ ಅರಸರ ಆಳ್ವಿಕೆಯಿದ್ದುದರಿಂದ ಒಪ್ಪಂದವು ಸುಲಭವಾಯಿತು, ನೇಪಾಳದಲ್ಲಿ ಪಕ್ಷಗಳ ಜಗಳದಿಂದ ಕೆಟ್ಟಿತು ಎಂಬುದು ಇನ್ನೊಂದು. ಇದರಲ್ಲಿ ಸತ್ಯಾಂಶವುಂಟು. 1949ರ ಸಂಧಿಯ ಪ್ರಕಾರ ಭೂತಾನವು ವಿದೇಶ ವ್ಯವಹಾರಗಳಲ್ಲಿ ಭಾರತದ ಸಲಹೆಯಂತೆ ನಡೆಯಲು ಒಪ್ಪಿತ್ತು; 2007ರಲ್ಲಿ ಆ ವಿಧಿಯು ಬದಲಾಗುವವರೆಗೆ ಅದರ ಮುಂದೆ ಬೇರೆ ದಾರಿಗಳು ಹೆಚ್ಚಾಗಿರಲಿಲ್ಲ. ಆದರೆ ನೇಪಾಳದಲ್ಲಿಯೂ 1960ರಿಂದ 1990ರವರೆಗೆ ಅರಸರ ನೇರ ಆಳ್ವಿಕೆಯೇ ಇತ್ತು. ಆ ಮೂವತ್ತು ವರ್ಷಗಳಲ್ಲಿಯೂ ಚುಖಾದಂಥ ಒಂದು ಒಪ್ಪಂದವು ಅಲ್ಲಿ ಹುಟ್ಟಲಿಲ್ಲ. ಆದುದರಿಂದ ಈ ಕಾರಣವೊಂದೇ ಸಾಲದು.

ನಮ್ಮ ಅಭಿಪ್ರಾಯದಲ್ಲಿ ಮುಖ್ಯ ಕಾರಣವು ಒಪ್ಪಂದಗಳ ವಿಷಯದಲ್ಲಿಯೇ ಅಡಗಿದೆ. ಚುಖಾದಲ್ಲಿ ಮಾರಿದುದು ವಿದ್ಯುತ್ತನ್ನು ಮಾತ್ರ. ಆ ಕೇಂದ್ರವು ಹೊಳೆಯ ಹರಿವನ್ನೇ ನಂಬಿ ನಡೆಯುವಂಥದು; ದೊಡ್ಡ ಜಲಾಶಯವಿಲ್ಲ, ಕಾಲುವೆಯಿಲ್ಲ. ಯಂತ್ರವನ್ನು ತಿರುಗಿಸಿದ ನೀರು ಮರಳಿ ಅದೇ ಹೊಳೆಯನ್ನು ಸೇರಿ ಬಯಲಿಗೆ ಇಳಿಯುತ್ತದೆ. ನೀರು ಯಾರದು, ನೆನೆದ ಹೊಲ ಯಾರದು, ಮುಳುಗಿದ ಊರು ಯಾರದು ಎಂಬ ಪ್ರಶ್ನೆಗಳು ಅಲ್ಲಿ ಬಲವಾಗಿ ಏಳಲಿಲ್ಲ. ಯೂನಿಟ್ಟಿಗೆ ಇಷ್ಟು ಪೈಸೆ ಎಂಬ ಒಂದೇ ಪ್ರಶ್ನೆ ಉಳಿಯಿತು. ಅದನ್ನು ಕುರಿತು ಚೌಕಾಶಿ ಸಾಧ್ಯ. ನೇಪಾಳದಲ್ಲಾದರೆ ಪ್ರವಾಹ, ನೀರಾವರಿ, ನೆಲ, ವಿದ್ಯುತ್ತು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಲಾಯಿತು. ಆ ಗಂಟಿನಲ್ಲಿ ಒಂದು ಎಳೆಯನ್ನು ಎಳೆದರೆ ಮಿಕ್ಕವೆಲ್ಲ ಬಿಗಿಯುತ್ತಿದ್ದವು. ನದಿಯ ಮೇಲಣ ಹಕ್ಕಿಗೆ ದರಪಟ್ಟಿಯಿಲ್ಲ; ಅದನ್ನು ಮಾರಿದ ಸರ್ಕಾರವು ನಾಡನ್ನೇ ಮಾರಿತೆಂಬ ಅಪವಾದಕ್ಕೆ ಗುರಿಯಾಗುತ್ತದೆ.

ಈ ಗಂಟು ಕಾಗದದ ಮೇಲೆ ಮಾತ್ರ ಇದ್ದುದಲ್ಲವೆಂಬುದಕ್ಕೆ 2008ರ ಘಟನೆಯು ಸಾಕ್ಷಿಯಾಗಿದೆ. ಆ ವರ್ಷದ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಕೋಸಿಯ ಒಡ್ಡು ಒಡೆದು, ನದಿಯು ತನ್ನ ಹಳೆಯ ಪಾತ್ರಗಳಿಗೆ ನುಗ್ಗಿತು. ನೇಪಾಳದ ಸಹಸ್ರಾರು ಕುಟುಂಬಗಳೂ ಬಿಹಾರದ ಲಕ್ಷಾಂತರ ಜನರೂ ಮನೆಮಠ ಕಳೆದುಕೊಂಡರು. ಆ ಪ್ರವಾಹವು ಬಿಹಾರದ ಕಟೈಯಾದಿಂದ ನೇಪಾಳದ ದುಹಬಿಗೆ ವಿದ್ಯುತ್ತನ್ನು ಒಯ್ಯುತ್ತಿದ್ದ ಮಾರ್ಗದ ಕಂಬಗಳನ್ನೂ ಉರುಳಿಸಿತು. ಮೊದಲೇ ಕೊರತೆಯಲ್ಲಿದ್ದ ನೇಪಾಳದಲ್ಲಿ, ಆ ಬಳಿಕ ಬಂದ ಚಳಿಗಾಲದಲ್ಲಿ, ದಿನಕ್ಕೆ 16 ಗಂಟೆಗಳವರೆಗೆ ವಿದ್ಯುತ್ ಕಡಿತವಾಯಿತು. ಜಲಸಂಪತ್ತಿಗೆ ಹೆಸರಾದ ನಾಡಿನ ರಾಜಧಾನಿಯಲ್ಲಿ ವಿದ್ಯಾರ್ಥಿಗಳು ಮೇಣದ ಬತ್ತಿಯ ಬೆಳಕಿನಲ್ಲಿ ಓದಿದರು; ಆಸ್ಪತ್ರೆಗಳೂ ಕಾರ್ಖಾನೆಗಳೂ ಡೀಸೆಲ್ ಯಂತ್ರಗಳನ್ನು ನಂಬಬೇಕಾಯಿತು. ಈ ವಿಷಯವು ಬರಿಯ ರಾಜತಂತ್ರದ ವಿಷಯವಲ್ಲ, ಜನಸಾಮಾನ್ಯರ ಮನೆಯ ವಿಷಯವೆಂಬುದನ್ನು ಆ ಚಳಿಗಾಲವು ತೋರಿಸಿಕೊಟ್ಟಿತು.

6

ನೇಪಾಳದ ಮಟ್ಟಿಗೆ ತಿರುವು ಬಂದುದು 2014ರಲ್ಲಿ. ಆ ವರ್ಷದ ಅಕ್ಟೋಬರ್ 21ರಂದು ಕಾಠ್ಮಂಡುವಿನಲ್ಲಿ ಭಾರತ ಮತ್ತು ನೇಪಾಳಗಳು ವಿದ್ಯುದ್ವ್ಯಾಪಾರ ಒಪ್ಪಂದಕ್ಕೆ ಸಹಿಮಾಡಿದವು. ನವೆಂಬರ್ 27ರಂದು ಅದೇ ನಗರದಲ್ಲಿ ಸಾರ್ಕ್ ರಾಷ್ಟ್ರಗಳು ವಿದ್ಯುತ್ ಸಹಕಾರವನ್ನು ಕುರಿತ ಒಂದು ಚೌಕಟ್ಟಿನ ಒಪ್ಪಂದವನ್ನು ಅಂಗೀಕರಿಸಿದವು. ಇವುಗಳಲ್ಲಿ ಯಾವ ನದಿಯ ಹೆಸರಿನ ಮೇಲೂ ವಾದವಿಲ್ಲ. ಗಡಿಯ ಆಚೆಈಚೆ ವಿದ್ಯುತ್ತನ್ನು ಕೊಳ್ಳಬಹುದು, ಮಾರಬಹುದು, ಅದಕ್ಕಾಗಿ ತಂತಿಮಾರ್ಗಗಳನ್ನು ಕಟ್ಟಬಹುದು ಎಂಬ ಸಾಮಾನ್ಯ ಹಕ್ಕು ಮಾತ್ರ ಇದೆ. ಅರವತ್ತು ವರ್ಷಗಳ ಬಳಿಕ ಬೆಳಕಿನ ಒಪ್ಪಂದವು ನೀರಿನ ಒಪ್ಪಂದದಿಂದ ಬೇರೆಯಾಯಿತು.

ಪರಿಣಾಮವು ಬೇಗನೆ ಕಾಣಿಸಿತು. 2016ರ ಫೆಬ್ರವರಿಯಲ್ಲಿ ಬಿಹಾರದ ಮುಜಫರಪುರದಿಂದ ನೇಪಾಳದ ಢಲ್ಕೇಬರಿಗೆ ಎಳೆದ ಮಾರ್ಗವು ಉದ್ಘಾಟಿತವಾಗಿ, ಆರಂಭದಲ್ಲಿ 80 ಮೆಗಾವ್ಯಾಟ್ ಶಕ್ತಿಯು ನೇಪಾಳಕ್ಕೆ ಹರಿಯಿತು. ಆಮದು ಹೆಚ್ಚಿ, ಆಡಳಿತವೂ ಸುಧಾರಿಸಿ, ಮುಂದಿನ ಒಂದೆರಡು ವರ್ಷಗಳಲ್ಲಿ ನೇಪಾಳದ ಕತ್ತಲೆಯು ಹಿಂದೆಗೆಯಿತು. 2021ರಲ್ಲಿ 456 ಮೆಗಾವ್ಯಾಟಿನ ಮೇಲಣ ತಾಮಾಕೋಸಿ ಕೇಂದ್ರವು ಪೂರ್ಣವಾದ ಮೇಲೆ ಮಳೆಗಾಲದಲ್ಲಿ ಅಲ್ಲಿ ವಿದ್ಯುತ್ತು ಮಿಗತೊಡಗಿತು. ಆ ವರ್ಷದ ನವೆಂಬರಿನಲ್ಲಿ ಭಾರತದ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ 39 ಮೆಗಾವ್ಯಾಟನ್ನು ಮಾರಲು ನೇಪಾಳಕ್ಕೆ ಅನುಮತಿ ದೊರೆಯಿತು. ಆ 39 ಮೆಗಾವ್ಯಾಟು ತ್ರಿಶೂಲಿ ಮತ್ತು ದೇವಿಘಾಟ್ ಕೇಂದ್ರಗಳದು. ಅಂದರೆ ದಶಕಗಳ ಹಿಂದೆ ಭಾರತವೇ ನೆರವಾಗಿ ಕಟ್ಟಿದ ಕೇಂದ್ರಗಳದು. ಅದೇ ತಂತಿಗಳು ಈಗ ಮಳೆಗಾಲದಲ್ಲಿ ತೆಂಕಣಕ್ಕೆ, ಚಳಿಗಾಲದಲ್ಲಿ ಬಡಗಣಕ್ಕೆ ಶಕ್ತಿಯನ್ನು ಒಯ್ಯುತ್ತವೆ. 2023–24ರ ಆರ್ಥಿಕ ವರ್ಷದಲ್ಲಿ ನೇಪಾಳವು ಮಾರಿದ ವಿದ್ಯುತ್ತಿನ ಬೆಲೆಯು ಮೊದಲ ಬಾರಿಗೆ ಕೊಂಡುದರ ಬೆಲೆಯನ್ನು ಮೀರಿತು. 2024ರ ಜನವರಿ 4ರಂದು, ಹತ್ತು ವರ್ಷಗಳಲ್ಲಿ 10,000 ಮೆಗಾವ್ಯಾಟುಗಳವರೆಗೆ ಕೊಳ್ಳುವ ಗುರಿಯುಳ್ಳ ದೀರ್ಘಕಾಲದ ಒಪ್ಪಂದವೂ ಆಯಿತು.

7

ಹೀಗೆಂದು ಭೂತಾನದ ಮಾರ್ಗವೇ ನಿರ್ದುಷ್ಟವಾದುದೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ವಿದ್ಯುತ್ತನ್ನು ನೀರಿನಿಂದ ಬೇರ್ಪಡಿಸಿದಾಗ ವ್ಯಾಪಾರವು ನಡೆಯುತ್ತದೆ; ಆದರೆ ಒಬ್ಬನೇ ಗಿರಾಕಿಯಿರುವ ವ್ಯಾಪಾರದ ಬಾಧಕಗಳು ಬೇರೆಯೇ ಇವೆ. 2009ರಲ್ಲಿ ಎರಡು ಸರ್ಕಾರಗಳೂ 2020ರೊಳಗೆ 10,000 ಮೆಗಾವ್ಯಾಟುಗಳ ಸಾಮರ್ಥ್ಯವನ್ನು ಭೂತಾನದಲ್ಲಿ ನಿರ್ಮಿಸುವ ಗುರಿಯನ್ನಿಟ್ಟುಕೊಂಡವು. ಗುರಿಯು ಕೈಗೂಡಲಿಲ್ಲ. 1,200 ಮೆಗಾವ್ಯಾಟಿನ ಮೊದಲ ಪುನಾತ್ಸಾಂಗ್‌ಛು ಯೋಜನೆಯಲ್ಲಿ 2013ರಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡವು ಜರಿದು ಕೆಲಸವು ವರ್ಷಗಟ್ಟಲೆ ನಿಂತಿತು. ಹಣದ ಕ್ರಮವೂ ಬದಲಾಯಿತು. ಚುಖಾದಲ್ಲಿ 60 ಪಾಲು ಅನುದಾನವಿದ್ದರೆ, 2019ರಲ್ಲಿ ಉದ್ಘಾಟಿತವಾದ 720 ಮೆಗಾವ್ಯಾಟಿನ ಮಾಂಗದೆಛು ಯೋಜನೆಯಲ್ಲಿ ಅನುದಾನವು 30 ಪಾಲು, ಸಾಲವು 70 ಪಾಲು. ಅದರ ವಿದ್ಯುತ್ತಿಗೆ ಯೂನಿಟ್ಟಿಗೆ 4 ರೂಪಾಯಿ 12 ಪೈಸೆಯ ದರವು ಗೊತ್ತಾದರೂ, ಸಾಲದ ಹೊರೆಯು ಚಿಕ್ಕ ನಾಡಿಗೆ ಚಿಂತೆಯ ವಿಷಯವೇ ಆಗಿದೆ. ಹಿಮಾಲಯದ ಹೊಳೆಗಳು ಚಳಿಗಾಲದಲ್ಲಿ ಸೊರಗುವುದರಿಂದ, ಬೇಸಗೆಯಲ್ಲಿ ಮಾರುವ ಭೂತಾನವು ಆ ತಿಂಗಳುಗಳಲ್ಲಿ ಭಾರತದಿಂದ ಕೊಳ್ಳಬೇಕಾಗಿದೆ.

ದಾರಿಯ ಒಡೆತನದ ಪ್ರಶ್ನೆಯೂ ಇದೆ. ನೇಪಾಳ, ಭೂತಾನ, ಬಾಂಗ್ಲಾದೇಶಗಳಲ್ಲಿ ಒಂದಕ್ಕೂ ಇನ್ನೊಂದರ ಗಡಿಯು ತಾಗುವುದಿಲ್ಲ, ನಡುವೆ ಭಾರತವಿದೆ. 2016ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಹೊರಡಿಸಿದ ನಿಯಮಾವಳಿಯು, ಯಾರ ಒಡೆತನದ ಕೇಂದ್ರಗಳಿಂದ ವಿದ್ಯುತ್ತನ್ನು ಸುಲಭವಾಗಿ ಕೊಳ್ಳಬಹುದೆಂಬುದಕ್ಕೆ ಬಿಗಿಯಾದ ಕಟ್ಟುಗಳನ್ನು ಹಾಕಿತ್ತು. ನೆರೆಯವರ ಆಕ್ಷೇಪಣೆಯ ಮೇಲೆ 2018ರ ಡಿಸೆಂಬರಿನಲ್ಲಿ ಅದನ್ನು ಸಡಿಲಿಸಿ, ಭಾರತದ ಜಾಲದ ಮೂಲಕ ಮೂರನೆಯ ನಾಡಿಗೆ ಮಾರುವುದಕ್ಕೂ ಅವಕಾಶ ಕೊಡಲಾಯಿತು. ಆದರೂ 2021ರ ವಿಧಾನಗಳ ಪ್ರಕಾರ, ಭಾರತದೊಡನೆ ಭೂಗಡಿಯಿದ್ದು ವಿದ್ಯುತ್ ಸಹಕಾರದ ಒಪ್ಪಂದವಿಲ್ಲದ ದೇಶದ ಒಡೆತನವುಳ್ಳ ಕೇಂದ್ರಗಳಿಗೆ ಈ ಮಾರುಕಟ್ಟೆಯ ಬಾಗಿಲು ಸುಲಭವಾಗಿ ತೆರೆಯದು. ಚೀನಾದ ಬಂಡವಾಳವನ್ನು ಉದ್ದೇಶಿಸಿದ ಕಟ್ಟು ಇದೆಂಬುದು ಸ್ಪಷ್ಟ. ಭಾರತವು ತನ್ನ ರಕ್ಷಣೆಯ ದೃಷ್ಟಿಯಿಂದ ಇದನ್ನು ಸಮರ್ಥಿಸುತ್ತದೆ; ನೇಪಾಳವು ತನ್ನ ನೆಲದಲ್ಲಿ ಯಾರು ಕೇಂದ್ರ ಕಟ್ಟಬೇಕೆಂಬುದನ್ನು ಪರರು ನಿರ್ಣಯಿಸಿದಂತಾಯಿತೆಂದು ಕೊರಗುತ್ತದೆ. ನೀರಿನ ಗಂಟು ಬಿಚ್ಚಿದ ಮೇಲೆ ಒಡೆತನದ ಗಂಟು ಬಿದ್ದಿದೆ.

ಈ ಹಿನ್ನೆಲೆಯಲ್ಲಿ 2024ರ ಅಕ್ಟೋಬರ್ 3ರಂದು ಕಾಠ್ಮಂಡುವಿನಲ್ಲಿ ಆದ ತ್ರಿಪಕ್ಷ ಒಪ್ಪಂದವು ಗಾತ್ರದಲ್ಲಿ ಚಿಕ್ಕದಾದರೂ ಅರ್ಥದಲ್ಲಿ ದೊಡ್ಡದು. ಭಾರತ ಮತ್ತು ಬಾಂಗ್ಲಾದೇಶಗಳನ್ನು ಬಹರಾಮಪುರ–ಭೇರಾಮಾರಾ ಮಾರ್ಗವು 2013ರಲ್ಲಿಯೇ ಜೋಡಿಸಿತ್ತು. ಆ ಮಾರ್ಗದ ಮೂಲಕ ನೇಪಾಳವು ಪ್ರತಿ ವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ 40 ಮೆಗಾವ್ಯಾಟ್ ವಿದ್ಯುತ್ತನ್ನು ಬಾಂಗ್ಲಾದೇಶಕ್ಕೆ ಮಾರಬೇಕೆಂದು ಈಗ ನಿಶ್ಚಯವಾಯಿತು. 2024ರ ನವೆಂಬರ್ 15ರಂದು, ಆ ವರ್ಷದ ಅವಧಿಯ ಕೊನೆಯ ದಿನ, ಶಕ್ತಿಯು ಮೊದಲ ಬಾರಿಗೆ ಹರಿಯಿತು. 2025ರ ಜೂನಿನಿಂದ ಕ್ರಮಬದ್ಧವಾದ ಮಾರಾಟವು ಆರಂಭವಾಯಿತು. ಢಾಕಾದಲ್ಲಿ 2024ರ ಆಗಸ್ಟಿನಲ್ಲಿ ಸರ್ಕಾರವೇ ಬಿದ್ದುಹೋಗಿ, ದೆಹಲಿ–ಢಾಕಾಗಳ ಸಂಬಂಧವು ಕದಡಿದ್ದ ಕಾಲದಲ್ಲಿಯೇ ಇದು ನಡೆಯಿತೆಂಬುದು ಗಮನಾರ್ಹ. ಹಿಮಾಲಯದ ನಾಡೊಂದಕ್ಕೆ ಭಾರತವಲ್ಲದ ಗಿರಾಕಿಯು ಸಿಕ್ಕಿದುದು ಇದೇ ಮೊದಲು. ಅದಕ್ಕೆ ದಾರಿಯನ್ನು ಭಾರತವೇ ಕೊಟ್ಟಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

8

ನಮ್ಮ ವಿಚಾರದ ಫಲಿತಾಂಶವನ್ನು ಈಗ ಸಂಗ್ರಹಿಸಬಹುದು. ನೆರೆನಾಡುಗಳ ವಿದ್ಯುದ್ವ್ಯಾಪಾರವು ಜಲಸಂಪತ್ತಿನ ಪ್ರಮಾಣದಿಂದ ನಿರ್ಣಯವಾಗಲಿಲ್ಲ. ಹಾಗಾಗಿದ್ದರೆ ನೇಪಾಳವೇ ಮೊದಲು ಮುಂದಾಗಬೇಕಾಗಿತ್ತು. ಏನನ್ನು ಮಾರುತ್ತೇವೆ, ಏನನ್ನು ಮಾರುವುದಿಲ್ಲ ಎಂಬುದನ್ನು ಒಪ್ಪಂದವು ಸ್ಪಷ್ಟವಾಗಿ ಹೇಳಿದಲ್ಲಿ ವ್ಯಾಪಾರವು ಬೆಳೆಯಿತು. ನದಿ, ನೆಲ, ಬೆಳಕುಗಳನ್ನು ಒಂದೇ ಕಾಗದದಲ್ಲಿ ಬರೆದಲ್ಲಿ ಅದು ಮೂರು ತಲೆಮಾರುಗಳ ಕಾಲ ಕುಂಟಿತು. ಕೋಸಿಯ ನೆನಪನ್ನು ನೇಪಾಳದ ಹಟವೆಂದು ತಳ್ಳಿಹಾಕುವವರು 126ನೆಯ ವಿಧಿಯನ್ನು ಮತ್ತೊಮ್ಮೆ ಓದಬೇಕು. ಅನ್ಯಾಯವಾಯಿತೆಂದು ತಿಳಿದ ಜನರು ಅಂಥ ವಿಷಯವನ್ನು ಮುಂದೆ ತಮ್ಮ ಪ್ರತಿನಿಧಿಗಳ ಮುಂದೆಯೇ ತರಬೇಕೆಂದು ರಾಜ್ಯಾಂಗದಲ್ಲಿ ಬರೆದುಕೊಂಡುದು ಹಟವಲ್ಲ.

ಈ ವಿಷಯವು ದೂರದ ಹಿಮಾಲಯಕ್ಕೆ ಸೇರಿದುದೆಂದು ಕನ್ನಡ ನಾಡಿನ ವಾಚಕರು ಭಾವಿಸಬೇಕಾಗಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿಮಾರ್ಗವು ಕೆಲಸಕ್ಕೆ ತೊಡಗಿ, ಅದುವರೆಗೆ ಬೇರೆಯಾಗಿ ನಡೆಯುತ್ತಿದ್ದ ದಕ್ಷಿಣದ ಜಾಲವು ಉತ್ತರದ ಜಾಲದೊಡನೆ ಒಂದಾಯಿತು. ಭೂತಾನದ ಕೇಂದ್ರಗಳು ಆ ಜಾಲದೊಡನೆ ಮೊದಲೇ ಹೊಂದಿಕೊಂಡಿದ್ದವು. ನೇಪಾಳದವು ಬಳಿಕ ಸೇರಿದವು. ಹೀಗೆ ಸೇರಿದ ಯಂತ್ರಗಳೆಲ್ಲ ಒಂದೇ ಲಯದಲ್ಲಿ ತಿರುಗಬೇಕು. ಶರಾವತಿಯ ಯಂತ್ರವೂ ವಾಂಗ್‌ಛುವಿನ ಯಂತ್ರವೂ ಇಂದು ಆ ಒಂದೇ ಲಯಕ್ಕೆ ಕಟ್ಟುಬಿದ್ದಿವೆ. ಚುಖಾದಲ್ಲಿ ಒಂದು ಯಂತ್ರವು ಹಠಾತ್ತಾಗಿ ನಿಂತರೆ ಅದರ ಕಂಪನವು, ಎಷ್ಟೇ ಸೂಕ್ಷ್ಮವಾಗಿರಲಿ, ರಾಯಚೂರಿಗೂ ಮುಟ್ಟುತ್ತದೆ. 1902ರಲ್ಲಿ 92 ಮೈಲಿ ನಡೆದ ಶಕ್ತಿಯು ಈಗ ನಾಡುಗಳ ಗಡಿಗಳನ್ನು ದಾಟಿ ನಡೆಯುತ್ತಿದೆ. ಅಂದು ಸರ್ಕಾರಕ್ಕೂ ಗಣಿಯವರಿಗೂ ನಡುವೆ ಸ್ಪಷ್ಟವಾದ ಕರಾರೊಂದು ಸಾಕಾಗಿತ್ತು. ಇಂದು ಅಂಥದೇ ಸ್ಪಷ್ಟತೆಯು ನಾಲ್ಕು ನಾಡುಗಳ ನಡುವೆ ಬೇಕಾಗಿದೆ: ದರದಲ್ಲಿ, ದಾರಿಯ ಹಕ್ಕಿನಲ್ಲಿ, ಸಾಲದ ಹೊರೆಯಲ್ಲಿ. ಕೋಸಿಯ ಮತ್ತು ಚುಖಾದ ದಸ್ತಾವೇಜುಗಳನ್ನು ಎದುರುಬದುರಾಗಿ ಇಟ್ಟುಕೊಂಡು ಓದಿದ ಬಳಿಕ ಮುಂದಿನ ಒಪ್ಪಂದಗಳನ್ನು ಬರೆಯುವುದು ಎಲ್ಲರಿಗೂ ಕ್ಷೇಮವೆಂದು ನಾವು ನಂಬುತ್ತೇವೆ.